ಶಿಕಾಗೋದ ಯು-505 ಸಬ್‌ಮರೀನ್: ಒಳಗಿನ ಟೂರ್ ಮಾಡ್ದೇ ವಾಪಸ್ ಬರ್ಬೇಡಿ

ಶಿಕಾಗೋದ ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಂಗೆ ನಾನು ಹೋಗಿದ್ದೇ ಎರಡನೇ ಮಹಾಯುದ್ಧದ ಈ ಜರ್ಮನ್ ಸಬ್‌ಮರೀನ್ ನೋಡೋಕೆ. ಮೊದಲನೇ ಸಲ ಒಳಗಿನ ಟೂರ್‌ಗೆ ಬೇರೆ ಟಿಕೆಟ್ ಬೇಕು ಅನ್ನೋದನ್ನೇ ಗಮನಿಸಿರ್ಲಿಲ್ಲ, ತಪ್ಪು ನಂದೇ, ಸುತ್ತ ಒಂದು ರೌಂಡ್ ಹೊಡ್ದು ಫೋಟೋ ತಕ್ಕೊಂಡು ಬಂದ್ಬಿಟ್ಟೆ. ಎರಡನೇ ಸಲ ಮುಂಚೇನೇ ಬುಕ್ ಮಾಡಿ ಒಳಗೆ ಹೋದ್ಮೇಲೇ ಗೊತ್ತಾಗಿದ್ದು, ಅವತ್ತು ನೋಡಿದ್ದು ಬರೀ ಚಿಪ್ಪು ಅಂತ.

ಹೊರಗಿಂದ ಸುಮಾರು 77 ಮೀಟರ್ ಉದ್ದ. 1954ರಿಂದ 50 ವರ್ಷ ಮಳೆ, ಹಿಮ ಅಂತ ಬಯಲಲ್ಲೇ ಇತ್ತು, 2004ರಲ್ಲಿ ನೆಲದಡಿ ಹಾಲ್ ಕಟ್ಟಿ ಇಳಿಸಿದ್ದಾರೆ. ಒಳಗೆ ಕಾಲಿಟ್ರೆ ಅಷ್ಟು ಉದ್ದ ಎಲ್ಲಿ ಮಾಯ ಆಯ್ತೋ ಅನ್ಸುತ್ತೆ. ಎಲ್ಲಿ ನೋಡಿದ್ರೂ ಪೈಪು, ವಾಲ್ವು, ಟಾರ್ಪಿಡೋ, ಉಳಿದ ಸಂದಿಲಿ 59 ಜನ. ಎಲ್ರಿಗೂ ಒಂದೊಂದು ಹಾಸಿಗೆ ಇಲ್ಲ, ಡ್ಯೂಟಿ ಮುಗಿಸಿ ಬಂದವನು ಎದ್ದು ಹೋದವನ ಬಿಸಿ ಆರದ ಜಾಗದಲ್ಲೇ ಮಲಗ್ಬೇಕು.

ನನ್ನನ್ನ ಹಿಡಿದು ನಿಲ್ಲಿಸಿದ್ದು ಕಂಟ್ರೋಲ್ ರೂಮ್. ಈ ಬೋಟಿನ ಗ್ರಹಚಾರ ಮೊದಲಿಂದ್ಲೂ ಸರಿ ಇರ್ಲಿಲ್ಲ ಬಿಡಿ: 8 ಹಡಗು ಮುಳುಗಿಸಿದ್ದೇನೋ ನಿಜ, ಆದ್ರೆ 1942ರ ನವೆಂಬರ್‌ನಲ್ಲಿ ಟ್ರಿನಿಡಾಡ್ ಹತ್ರ ಬ್ರಿಟಿಷ್ ವಿಮಾನವೊಂದು ಎಷ್ಟು ಕೆಳಗೆ ಬಂದು ಬಾಂಬ್ ಹಾಕ್ತು ಅಂದ್ರೆ ಆ ಸ್ಫೋಟಕ್ಕೆ ವಿಮಾನವೇ ಬಿತ್ತು, ಬೋಟು ನುಜ್ಜುಗುಜ್ಜಾಗಿ ಹೇಗೋ ಆಗ ಜರ್ಮನ್ನರ ಹಿಡಿತದಲ್ಲಿದ್ದ ಫ್ರಾನ್ಸಿನ ಲೋರಿಯಾಂ ಬಂದರು ಸೇರ್ಕೊಳ್ತು, ಅಲ್ಲಿ ಫ್ರೆಂಚ್ ಕೆಲಸಗಾರರು ರಿಪೇರಿ ಹೆಸರಲ್ಲಿ ಬೇಕಂತಲೇ ಕೆಡಿಸಿಡೋರು, ಹೊರಟಿದ್ದು ಮತ್ತೆ ಮತ್ತೆ ವಾಪಸ್. ಕಡೆಗೆ 1943ರ ಅಕ್ಟೋಬರ್‌ನಲ್ಲಿ ಮೇಲಿಂದ ಡೆಪ್ತ್ ಚಾರ್ಜ್ (ನೀರೊಳಗೆ ಸಿಡಿಯೋ ಬಾಂಬು) ಬೀಳ್ತಿರುವಾಗ ಕಮಾಂಡರ್ ಪೀಟರ್ ಚೆಕ್ ಇದೇ ರೂಮಲ್ಲಿ, ತನ್ನ ಹುಡುಗ್ರ ಎದುರಿಗೇ, ಗುಂಡು ಹೊಡ್ಕೊಂಡ. ಅದೇ ಜಾಗದಲ್ಲಿ ನಿಂತು ಇದನ್ನ ನೆನೆಸಿಕೊಂಡಾಗ ಕೈ ಎಲ್ಲಿ ಇಡೋದು ಅಂತ್ಲೇ ಗೊತ್ತಾಗ್ಲಿಲ್ಲ.

1944ರ ಜೂನ್ 4ರಂದು ಪಶ್ಚಿಮ ಆಫ್ರಿಕಾ ಕರಾವಳಿ ಆಚೆ ಅಮೆರಿಕನ್ನರ ಕೈಗೆ ಸಿಕ್ತು. ಚುಕ್ಕಾಣಿ ಜಾಮ್ ಆಗಿ, ಜರ್ಮನ್ನರು ಬಿಟ್ಟುಹೋಗಿದ್ದ ಖಾಲಿ ಬೋಟು ಗಿರಗಿರ ಸುತ್ತುತಿತ್ತು, ಜರ್ಮನ್ನರು ಮುಳುಗಿಸೋಕೆ ಅಂತ ತೆಗೆದಿಟ್ಟ ಮುಚ್ಚಳದಿಂದ ನೀರು ನುಗ್ತಿತ್ತು, ಅಮೆರಿಕನ್ ಲೆಫ್ಟಿನೆಂಟ್ ಆಲ್ಬರ್ಟ್ ಡೇವಿಡ್ ಕರ್ಕೊಂಡು ಇಳಿದವರಲ್ಲಿ ಒಬ್ಬ ಆ ಮುಚ್ಚಳ ಹುಡುಕಿ ವಾಪಸ್ ಬಿಗಿದ. ಅಷ್ಟೇ, ಒಂದು ಮುಚ್ಚಳ! ಜರ್ಮನ್ನರು ಗುಟ್ಟಿನ ಸಂದೇಶ ಕಳಿಸೋಕೆ ಬಳಸ್ತಿದ್ದ ಎನಿಗ್ಮಾ ಮೆಷಿನ್ನು, ಕೋಡ್ ಪುಸ್ತಕ ಎಲ್ಲಾ ಸಿಕ್ತು. ವಿಷಯ ಹೊರಗೆ ಬಂದ್ರೆ ಜರ್ಮನ್ನರು ಕೋಡ್ ಬದಲಾಯಿಸ್ತಾರೆ ಅಂತ ಬೋಟನ್ನ ಬರ್ಮುಡಾಗೆ ಎಳ್ಕೊಂಡು ಹೋಗಿ ಬಚ್ಚಿಟ್ರು. ಬೋಟಲ್ಲಿದ್ದ ಜರ್ಮನ್ನರಲ್ಲಿ ಸತ್ತವನು ಒಬ್ಬನೇ, ಉಳಿದ 58 ಜನರನ್ನ ಲೂಸಿಯಾನಾದ ಕ್ಯಾಂಪಲ್ಲಿ ಬೇರೆ ಕೈದಿಗಳಿಂದ ದೂರ ಇಟ್ಟು ಮನೆಗೆ ಕಾಗದ ಬರೆಯೋಕೂ ಬಿಡ್ಲಿಲ್ಲ, ಇವರೆಲ್ಲಾ ಸತ್ತೇಹೋದ್ರು ಅಂತ ಮನೆಯವರು ಅಂದ್ಕೊಂಡಿದ್ರು.

ಒಳಗಿನ ಟೂರ್‌ಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಇಕ್ಕಟ್ಟು ಅಂದ್ರೆ ಭಯ ಇರೋರು ಮಾತ್ರ ಯೋಚ್ನೆ ಮಾಡಿ ಹೋಗಿ, ಎತ್ತರ ಇರೋರು ತಲೆ ಜೋಪಾನ, ನಂಗೆ ಎರಡು ಕಡೆ ಬಡೀತು.