ಮೈಲೇಜ್ ಆಸೆಗೆ ಬೈಕಿನ ಜೆಟ್ ಚಿಕ್ಕದು ಮಾಡಿಸಬೇಡಿ

ಪೆಟ್ರೋಲ್ ಬೆಲೆ ನೂರು ದಾಟಿದ ಮೇಲೆ ಹಳೇ ಕಾರ್ಬುರೇಟರ್ ಬೈಕ್ ಇಟ್ಟುಕೊಂಡವರಿಗೆ ಗ್ಯಾರೇಜಿನಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ಜೆಟ್ ಚಿಕ್ಕದು ಮಾಡಿಕೊಡ್ತೀನಿ ಅಣ್ಣ, ಲೀಟರಿಗೆ ಐದಾರು ಕಿಲೋಮೀಟರ್ ಜಾಸ್ತಿ ಬರುತ್ತೆ." ಕಾರ್ಬುರೇಟರ್ ಅಂದರೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸುವ ಭಾಗ, ಜೆಟ್ ಅಂದರೆ ಅದರೊಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು. ದಯವಿಟ್ಟು ಒಪ್ಪಬೇಡಿ. ನನ್ನ ತಮ್ಮನ ಬೈಕಿಗೆ ಇದನ್ನೇ ಮಾಡಿದರು. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಇಂಜಿನ್ ಸೀಜ್ ಆಗಿ, ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿ ನಿಂತು, ಅವನು ರಸ್ತೆಗೆ ಬಿದ್ದ. ಹಿಂದೆ ಬರುತ್ತಿದ್ದ ಪಿಕಪ್ ವ್ಯಾನಿನವರು ಸಮಯಕ್ಕೆ ಬ್ರೇಕ್ ಹಿಡಿದಿದ್ದರಿಂದ ಉಳಿದುಕೊಂಡ.

ತಮ್ಮನಿಗೆ ಉಜಿರೆಯಲ್ಲಿ ಕೆಲಸ, ಮನೆ ಮೂಡಿಗೆರೆ ಕಡೆ. ಹಳೇ 100 ಸಿಸಿ ಬೈಕು. ಅರವತ್ತರ ಹತ್ತಿರ ಕೊಡುತ್ತಿದ್ದ ಮೈಲೇಜು ಐವತ್ತಕ್ಕಿಂತ ಕೆಳಗಿಳಿದಿದೆ ಅಂತ ಸರ್ವೀಸಿಗೆ ಬಿಟ್ಟಿದ್ದ. ಸಂಜೆ ಗಾಡಿ ಕೊಡುವಾಗ "ಮೈಲೇಜ್ ಸೆಟ್ಟಿಂಗ್ ಮಾಡಿದ್ದೀನಿ" ಅಂದರೇ ಹೊರತು ಏನು ಮಾಡಿದರು ಅಂತ ಹೇಳಲಿಲ್ಲ. ಉಜಿರೆಯೊಳಗೆ ಓಡಾಡುವಾಗ ಗಾಡಿ ಚೆನ್ನಾಗಿಯೇ ಇತ್ತು. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟ್ ಪಟ್ ಅನ್ನುತ್ತಿತ್ತು, ಅಷ್ಟೇ.

ಆ ಶನಿವಾರ ಹಿಂದಿನ ಸೀಟಿಗೆ ಅಕ್ಕಿ ಮೂಟೆ ಕಟ್ಟಿಕೊಂಡು ಊರಿಗೆ ಹೊರಟಿದ್ದ. ಏರು ಶುರುವಾದ ಮೇಲೆ ಎರಡನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟರೂ ಗಾಡಿ ಎಳೆಯುತ್ತಿರಲಿಲ್ಲವಂತೆ. ಇಂಜಿನ್ನಿನಿಂದ ಟಿಣ್ ಟಿಣ್ ಅಂತ ಸಣ್ಣ ಶಬ್ದ ಬೇರೆ. ತಿರುವಿನಲ್ಲಿ ಇದ್ದಕ್ಕಿದ್ದಂತೆ ಹಿಂದಿನ ಚಕ್ರ ಗಪ್ಪನೆ ಹಿಡಿದುಕೊಂಡಿತು. ಕ್ಲಚ್ ಒತ್ತುವಷ್ಟು ಹೊತ್ತೂ ಸಿಗಲಿಲ್ಲ. ಕಣಕಾಲಿನ ಮೂಳೆ ಬಿರುಕು ಬಿಟ್ಟು ವಾರಗಟ್ಟಲೆ ಪ್ಲಾಸ್ಟರ್ ಹಾಕಿಸಿಕೊಂಡು ಕೂರಬೇಕಾಯಿತು. ದಿನಗೂಲಿಯಂತೆ ಸಂಬಳ ಬರುವವನಿಗೆ ಅದೆಂಥ ಹೊಡೆತ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ವ್ಯಾನಿನಲ್ಲಿ ಗಾಡಿ ಮೇಲಕ್ಕೆ ಬಂತು. ಮೂಡಿಗೆರೆಯಲ್ಲಿ ನಮಗೆ ಗೊತ್ತಿದ್ದ ಹಿರಿಯ ಮೆಕ್ಯಾನಿಕ್ ನನ್ನೆದುರೇ ಬಿಚ್ಚಿದರು. ಮೊದಲು ಪ್ಲಗ್ ತೆಗೆದರು. ಸರಿಯಾಗಿ ಓಡುವ ಇಂಜಿನ್ನಿನ ಪ್ಲಗ್ ತುದಿ ಬೆಲ್ಲದ ಬಣ್ಣಕ್ಕಿರುತ್ತದೆ. ಇದು ಬೆಳ್ಳಗೆ ಸುಟ್ಟು, ಪಿಂಗಾಣಿಯ ಮೇಲೆ ಲೋಹದ ಸಣ್ಣ ಸಣ್ಣ ಗುಳ್ಳೆ ಅಂಟಿದ್ದವು. ಬ್ಲಾಕ್ ಎತ್ತಿದರೆ ಪಿಸ್ಟನ್ನಿನ ಎಕ್ಸಾಸ್ಟ್ ಬದಿಯಲ್ಲಿ ಉದ್ದುದ್ದ ಗೀರು. ಅಲ್ಯೂಮಿನಿಯಂ ಕರಗಿ ಸಿಲಿಂಡರ್ ಗೋಡೆಗೆ ಮೆತ್ತಿಕೊಂಡಿತ್ತು. ಆಮೇಲೆ ಅವರು ಕಾರ್ಬುರೇಟರಿನ ಬೌಲ್ ಬಿಚ್ಚಿ, ಮೇನ್ ಜೆಟ್ ತಿರುಗಿಸಿ ತೆಗೆದು, ಬೆಳಕಿಗೆ ಹಿಡಿದು ನನ್ನ ಕೈಗೆ ಕೊಟ್ಟರು. ದುಂಡಗೆ ಕಾಣಬೇಕಾದ ರಂಧ್ರದಲ್ಲಿ ಒಂದು ಕಪ್ಪು ಗೆರೆ. ಪಿನ್ನಿನಿಂದ ತಳ್ಳಿದರೆ ಕರೆಂಟ್ ವೈರಿನೊಳಗಿನ ತಾಮ್ರದ ಎಳೆ ಹೊರಬಂತು! ಕೂದಲಿಗಿಂತ ಸ್ವಲ್ಪ ದಪ್ಪ, ತುದಿ ಮಡಚಿ ಕೂರಿಸಿದ್ದರು. "ಸೆಟ್ಟಿಂಗ್" ಅಂದರೆ ಇದು. ಬೋರ್, ಪಿಸ್ಟನ್, ರಿಂಗ್, ಗ್ಯಾಸ್ಕೆಟ್, ಕೂಲಿ ಎಲ್ಲ ಸೇರಿ ಐದು ಸಾವಿರ ದಾಟಿತು.

ಈ ವಿದ್ಯೆ ಯಾಕೆ ಮೋಸ ಅಂತ ಹೇಳುತ್ತೇನೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವುದು ಒಂದೇ ಜೆಟ್ ಅಲ್ಲ. ಐಡ್ಲಿಂಗಿನಿಂದ ಸುಮಾರು ಕಾಲು ಭಾಗ ಆಕ್ಸಿಲರೇಟರ್‌ವರೆಗೆ ಪೈಲಟ್ ಜೆಟ್, ಅಲ್ಲಿಂದ ಮುಕ್ಕಾಲಿನವರೆಗೆ ನೀಡಲ್ (ಆಕ್ಸಿಲರೇಟರ್ ಜೊತೆ ಮೇಲೆ ಕೆಳಗೆ ಆಡುವ ಸೂಜಿ) ಮತ್ತು ಅದು ಕೂರುವ ನೀಡಲ್ ಜೆಟ್. ಮೇನ್ ಜೆಟ್ಟಿನ ದರ್ಬಾರು ನಡೆಯುವುದು ಮುಕ್ಕಾಲಿನಿಂದ ಪೂರ್ತಿಯವರೆಗೆ. ಆಕ್ಸಿಲರೇಟರ್ ಹಿಡಿಯ ಮೇಲೆ ಒಂದು ಟೇಪ್ ಅಂಟಿಸಿಕೊಂಡು ನಿಮ್ಮ ಊರಿನಲ್ಲಿ ಓಡಿಸಿ ನೋಡಿ. ನಲವತ್ತು, ಐವತ್ತರ ಸ್ಪೀಡಿನಲ್ಲಿ ಅರ್ಧ ದಾಟುವುದೇ ಅಪರೂಪ. ಅಂದರೆ ದಿನನಿತ್ಯ ಪೆಟ್ರೋಲ್ ಖರ್ಚಾಗುವ ಜಾಗದಲ್ಲಿ ಮೇನ್ ಜೆಟ್ ಚಿಕ್ಕದು ಮಾಡಿ ಉಳಿಯುವುದು ಬಹಳ ಕಮ್ಮಿ. ಅದು ಕತ್ತರಿ ಹಾಕುವುದು ಏರಿನಲ್ಲಿ, ಓವರ್‌ಟೇಕ್ ಮಾಡುವಾಗ, ಭಾರ ಹೊತ್ತಾಗ. ಇಂಜಿನ್ನಿಗೆ ಪೆಟ್ರೋಲ್ ಹೆಚ್ಚು ಬೇಕಾಗುವುದೂ ಆಗಲೇ.

ಲೆಕ್ಕದ ಪ್ರಕಾರ 1 ಪಾಲು ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಪೂರ್ತಿ ಭಾರ ಬಿದ್ದಾಗ ಇಂಜಿನ್ ಕೇಳುವುದು 12.5, 13ರ ಆಸುಪಾಸಿನ ದಪ್ಪ ಮಿಶ್ರಣ, ಅಂದರೆ ಗಾಳಿ ಕಮ್ಮಿ, ಪೆಟ್ರೋಲ್ ಹೆಚ್ಚು. ಆ ಹೆಚ್ಚುವರಿ ಪೆಟ್ರೋಲ್ ಆವಿಯಾಗುತ್ತಾ ಶಾಖ ಹೀರಿಕೊಳ್ಳುತ್ತದೆ, ಪಿಸ್ಟನ್ ತಲೆಯನ್ನು ಕಾಪಾಡುತ್ತದೆ. ಅದನ್ನು ಕಿತ್ತುಕೊಂಡರೆ ಕಾವು ಏರುತ್ತದೆ, ಟಿಣ್ ಟಿಣ್ ಅನ್ನುವ ಹೊಡೆತ ಶುರುವಾಗುತ್ತದೆ, ಪಿಸ್ಟನ್ ಹಿಗ್ಗಿ ಸಿಲಿಂಡರನ್ನು ಕಚ್ಚುತ್ತದೆ. ಗಾಳಿಯಿಂದಲೇ ತಣ್ಣಗಾಗಬೇಕಾದ ಇಂಜಿನ್ ಘಾಟಿಯಲ್ಲಿ ಇಪ್ಪತ್ತರ ಸ್ಪೀಡಿನಲ್ಲಿ ಹತ್ತುವಾಗ ಫಿನ್‌ಗಳಿಗೆ (ಇಂಜಿನ್ ಸುತ್ತಲಿನ ತೆಳು ರೆಕ್ಕೆಗಳಿಗೆ) ಗಾಳಿಯೂ ಬಡಿಯುವುದಿಲ್ಲ. "ಒಂದೆರಡು ನಂಬರ್ ಕಮ್ಮಿ ಅಷ್ಟೇ" ಅಂತ ಸಮಾಧಾನ ಹೇಳುವವರಿದ್ದಾರೆ. ಜೆಟ್ಟಿನ ನಂಬರ್ ಹೇಳುವುದು ರಂಧ್ರದ ಗಾತ್ರವನ್ನು. ರಂಧ್ರದ ವ್ಯಾಸ 10 ಪರ್ಸೆಂಟ್ ಕಮ್ಮಿಯಾದರೆ ಪೆಟ್ರೋಲ್ ಹಾಯುವ ಜಾಗ 19 ಪರ್ಸೆಂಟ್ ಕಮ್ಮಿಯಾಗುತ್ತದೆ.

ಈಗ ಇದಕ್ಕೆ ಎಥನಾಲ್ ಕೂಡಿಸಿ ನೋಡಿ. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಲೀಟರಿಗೆ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲಿನಷ್ಟು ಕಮ್ಮಿ, ಹಾಗಾಗಿ ಹಳೇ ಗಾಡಿಯಲ್ಲಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಆದರೆ ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ಹಳೇ ಜೆಟ್ಟಿನಲ್ಲಿ ಮಿಶ್ರಣ ಮೊದಲೇ ತೆಳ್ಳಗಾಗಿರುತ್ತದೆ. ಫ್ಯೂಯಲ್ ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ಇರುವುದರಿಂದ ಅದು ತಕ್ಕಮಟ್ಟಿಗೆ ಸರಿಮಾಡಿಕೊಳ್ಳುತ್ತದೆ, ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ. ಅಂಥ ಗಾಡಿಯ ಜೆಟ್ಟನ್ನು ಇನ್ನೂ ಚಿಕ್ಕದು ಮಾಡುವುದು ಇಂಜಿನ್ ಕೊಲ್ಲುವ ಕೆಲಸ. ನನ್ನ ಸಿಟ್ಟು ಹೆಚ್ಚಿರುವುದು ಇಲ್ಲೇ. ಮೈಲೇಜ್ ಇಳಿದ ಕಾರಣ ಹುಡುಕುವ ವ್ಯವಧಾನ ಇಲ್ಲದೆ, ಕೇಳದೆ ಹೇಳದೆ ಜೆಟ್ಟಿಗೆ ಕೈಹಾಕುತ್ತಾರೆ.

ಉಳಿಯುವುದಾದರೂ ಎಷ್ಟು? ತಿಂಗಳಿಗೆ 1000 ಕಿ.ಮೀ. ಓಡಿಸುವವರಿಗೆ ಮೈಲೇಜ್ 55ರಿಂದ 60ಕ್ಕೆ ನಿಜವಾಗಿಯೂ ಏರಿತು ಅಂತಲೇ ಇಟ್ಟುಕೊಳ್ಳಿ. ಉಳಿತಾಯ ಒಂದೂವರೆ ಲೀಟರ್, ನೂರೈವತ್ತು ರೂಪಾಯಿ.

ತಮ್ಮನ ಗಾಡಿಯಲ್ಲಿ ಮೈಲೇಜ್ ಇಳಿಯಲು ಇದ್ದ ಕಾರಣಗಳು ಬೇರೆಯೇ. ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಉಜ್ಜುತ್ತಿತ್ತು, ಏರ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಿತ್ತು, ಚೈನ್ ಒಣಗಿತ್ತು. ನೀಡಲ್ ವರ್ಷಗಟ್ಟಲೆ ಆಡಿ ಆಡಿ ನೀಡಲ್ ಜೆಟ್ಟಿನ ತೂತು ಅಂಡಾಕಾರ ಆಗಿತ್ತು. ಓಡಿಸುವ ಸ್ಪೀಡಿನಲ್ಲಿ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದ್ದುದು ಅಲ್ಲಿಂದ. ನೀಡಲ್ ಸೆಟ್ ಬದಲಾಯಿಸಿ, ಮೇನ್ ಜೆಟ್ ಕಂಪನಿ ಹೇಳಿದ ನಂಬರಿನದೇ ಹಾಕಿದ ಮೇಲೆ ಗಾಡಿ ಹಳೇ ಲೆಕ್ಕದ ಹತ್ತಿರಕ್ಕೆ ಬಂದಿದೆ.

ನಿಮ್ಮ ಗಾಡಿಗೂ ಯಾರಾದರೂ ಹೀಗೆ ಮಾಡಿರಬಹುದೇ ಅಂತ ಅನುಮಾನ ಇದ್ದರೆ, ಅದರಲ್ಲೂ ಸೆಕೆಂಡ್ ಹ್ಯಾಂಡ್ ತಗೊಂಡವರು, ಒಂದು ಪರೀಕ್ಷೆ ಮಾಡಿ. ಇಂಜಿನ್ ಬಿಸಿಯಾದ ಮೇಲೆ ಸಣ್ಣ ಏರಿನಲ್ಲಿ ಚೋಕ್ ಅರ್ಧ ಎಳೆದು ನೋಡಿ, ಆಗ ಮಿಶ್ರಣದಲ್ಲಿ ಪೆಟ್ರೋಲ್ ಪಾಲು ಹೆಚ್ಚುತ್ತದೆ. ಗಾಡಿ ಉಸಿರುಗಟ್ಟುವ ಬದಲು ಚೆನ್ನಾಗಿ ಎಳೆದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತಲೇ ಅರ್ಥ. ಪ್ಲಗ್ ಬೆಳ್ಳಗಿದೆಯಾ ನೋಡಿ. ಜೆಟ್ ಮೇಲೆ ಕೆತ್ತಿದ ನಂಬರನ್ನು ನಿಮ್ಮ ಮಾಡೆಲ್ಲಿನ ಪಾರ್ಟ್ಸ್ ಪಟ್ಟಿಯ ಜೊತೆ ತಾಳೆ ನೋಡಿ. ನಂಬರ್ ಸರಿ ಇದ್ದರೂ ಸಾಲದು, ತಮ್ಮನ ಜೆಟ್ಟಿನ ನಂಬರೂ ಸರಿಯಾಗಿಯೇ ಇತ್ತು. ಬೆಳಕಿಗೆ ಹಿಡಿದು ರಂಧ್ರ ದುಂಡಗಿದೆಯಾ ಅಂತ ಕಣ್ಣಾರೆ ನೋಡಬೇಕು. ಅಲ್ಲಿಯವರೆಗೆ ಆ ಗಾಡಿಯಲ್ಲಿ ಘಾಟಿ ಹತ್ತಬೇಡಿ. ಹತ್ತಲೇಬೇಕಾಗಿ ಬಂದು ಎಳೆತ ಕಮ್ಮಿಯಾದ ಹಾಗೆ, ಟಿಣ್ ಟಿಣ್ ಶಬ್ದ ಬಂದ ಹಾಗೆ ಅನ್ನಿಸಿದರೆ ಆಕ್ಸಿಲರೇಟರ್ ಇನ್ನಷ್ಟು ತಿರುಗಿಸಬೇಡಿ. ಕ್ಲಚ್ ಒತ್ತಿ, ಬದಿಗೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಆರಲು ಬಿಡಿ.