ಹಾ ಜಾಂಗ್‌ಗೆ ಬೈಕಲ್ಲಿ ಹೊರಟಿದ್ದೀರಾ? ನಮ್ಮ ಐಡಿಪಿ ಅಲ್ಲಿ ನಡೆಯಲ್ಲ

ವಿಯೆಟ್ನಾಂನ ಉತ್ತರದಲ್ಲಿರುವ ಹಾ ಜಾಂಗ್ ಬೆಟ್ಟಗಳನ್ನು ಬಾಡಿಗೆ ಬೈಕಲ್ಲಿ ಸುತ್ತಬೇಕು ಅಂತ ಇರುವವರು ದಯವಿಟ್ಟು ಇದನ್ನು ಓದಿ. ನನಗೆ ಕಾಲರ್ ಬೋನ್ ಮುರಿದ ಮೇಲೆ ಗೊತ್ತಾದ ವಿಷಯ ಇದು.

ಹೊರಡುವ ಮುಂಚೆ ಆರ್‌ಟಿಒದಲ್ಲಿ ಐಡಿಪಿ, ಅಂದರೆ ಬೇರೆ ದೇಶದಲ್ಲಿ ಗಾಡಿ ಓಡಿಸಲು ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಮಾಡಿಸಿದ್ದೆ. ಟ್ರಾವೆಲ್ ಇನ್ಶೂರೆನ್ಸ್ ಕೂಡ ಇತ್ತು. ಇನ್ನೇನು ಬೇಕು ಅಂದುಕೊಂಡೆ. ಹನೋಯ್‌ನಲ್ಲಿ ಗೇರಿಲ್ಲದ ಸ್ಕೂಟರ್ ಬಾಡಿಗೆಗೆ ತಗೊಂಡೆ. ಅಂಗಡಿಯವರು ಲೈಸೆನ್ಸ್ ಕೇಳಲೇ ಇಲ್ಲ, ಪಾಸ್‌ಪೋರ್ಟ್ ಮಾತ್ರ ಡೆಪಾಸಿಟ್ ಅಂತ ಇಟ್ಟುಕೊಂಡರು.

ಹಾ ಜಾಂಗ್‌ಗೆ ಸುಮಾರು 300 ಕಿ.ಮೀ. ಮೊದಮೊದಲು ಬರೀ ಬಯಲು, ಗದ್ದೆ, ಲಾರಿಗಳು. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ಅದೂ ಅರ್ಧ ದಿನದಲ್ಲಿ ರೂಢಿಯಾಯಿತು. ಆಗುಂಬೆ, ಚಾರ್ಮಾಡಿಯಲ್ಲಿ ಓಡಿಸಿದ ಧೈರ್ಯ ಬೇರೆ ಇತ್ತಲ್ಲ.

ಕ್ವಾನ್ ಬಾ, ಯೆನ್ ಮಿನ್ ದಾಟಿ ಡಾಂಗ್ ವಾನ್ ತಲುಪಿದೆ. ಅಲ್ಲಿಂದ ಮಿಯೊ ವಾಕ್ ಕಡೆಗೆ ಮಾ ಪಿ ಲೆಂಗ್ ಘಾಟಿ. ಒಂದು ಕಡೆ ಸುಣ್ಣಕಲ್ಲಿನ ಗೋಡೆ, ಇನ್ನೊಂದು ಕಡೆ ತುಂಬಾ ಆಳದಲ್ಲಿ ಹಸಿರಾಗಿ ನ್ಯೊ ಕ್ವೆ ನದಿ. ಇಳಿಜಾರಿನ ಉದ್ದಕ್ಕೂ ಬ್ರೇಕ್ ಹಿಡಿದೇ ಬಂದೆ. ಗೇರ್ ಇದ್ದಿದ್ದರೆ ಇಳಿಸಿ ಎಂಜಿನ್ ಬಲದಲ್ಲೇ ನಿಧಾನ ಮಾಡಬಹುದಿತ್ತು. ಸುಟ್ಟ ವಾಸನೆ ಬಂತು. ಆಗಲೇ ನಿಲ್ಲಿಸಬೇಕಿತ್ತು. ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಹಿಡಿಯಲಿಲ್ಲ. ಜಲ್ಲಿಯ ಮೇಲೆ ಜಾರಿ ಬಿದ್ದೆ. ಗೋಡೆಯ ಕಡೆ ಬಿದ್ದಿದ್ದರಿಂದ ಇವತ್ತು ಇದನ್ನು ಬರೆಯುತ್ತಿದ್ದೇನೆ. ಹಿಂದೆ ಬರುತ್ತಿದ್ದ ಹಳ್ಳಿಯವರಿಬ್ಬರು ನನ್ನನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದರು. ಅವರ ಭಾಷೆ ನನಗೆ ಬರದು, ಕೈ ಮುಗಿಯಲೂ ಆಗಲಿಲ್ಲ.

ಆಮೇಲೆ ಇನ್ಶೂರೆನ್ಸ್‌ನವರ ಮೇಲ್ ಬಂತು: ಆ ದೇಶದಲ್ಲಿ ನಡೆಯುವ ಲೈಸೆನ್ಸ್ ಇತ್ತಾ? ಐಡಿಪಿ ಕಳಿಸಿದೆ. ಕ್ಲೇಮ್ ರಿಜೆಕ್ಟ್. ನಮ್ಮಲ್ಲಿ ಐಡಿಪಿ ಕೊಡುವುದು 1949ರ ಜಿನೀವಾ ಒಪ್ಪಂದದ ಪ್ರಕಾರ. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ ಐಡಿಪಿಯನ್ನು. ಅಂದರೆ ಅಲ್ಲಿನ ಕಾನೂನಿನ ಲೆಕ್ಕದಲ್ಲಿ ನಾನು ಲೈಸೆನ್ಸ್ ಇಲ್ಲದೆ ಓಡಿಸಿದ್ದೆ. ಆಸ್ಪತ್ರೆ ಬಿಲ್ ಪೂರ್ತಿ ನನ್ನ ಕೈಯಿಂದಲೇ ಹೋಯಿತು. ಸ್ಕೂಟರ್ ರಿಪೇರಿಗೆ ಅಂಗಡಿಯವರು ಕೇಳಿದಷ್ಟು ಕೊಟ್ಟೆ. ಪಾಸ್‌ಪೋರ್ಟ್ ಅವರ ಹತ್ತಿರ ಇರುವಾಗ ಚೌಕಾಸಿ ಮಾಡುವುದು ಹೇಗೆ?

ಬಾಡಿಗೆಗೆ ಕೊಡುವವರು 'ಏನೂ ತೊಂದರೆ ಇಲ್ಲ' ಅಂತಾರೆ. ಗಾಡಿ ಕೊಡುವುದಷ್ಟೇ ಅವರ ಕೆಲಸ, ನಂಬಬೇಡಿ. ಪಾಸ್‌ಪೋರ್ಟ್ ಬದಲು ದುಡ್ಡನ್ನೇ ಡೆಪಾಸಿಟ್ ಇಡುತ್ತೇನೆ ಅನ್ನಿ. ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ.

ಆ ಬೆಟ್ಟಗಳನ್ನು ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾ ಜಾಂಗ್‌ನಲ್ಲಿ ಈಸಿ ರೈಡರ್ ಅಂತ ಸಿಗುತ್ತಾರೆ. ಊರಿನವರೇ ಓಡಿಸುತ್ತಾರೆ, ನೀವು ಹಿಂದೆ ಕೂರುವುದು. ಖರ್ಚು ಜಾಸ್ತಿ, ಆದರೆ ಸುತ್ತಲೂ ನೋಡಲು ಕಣ್ಣು ಬಿಡುವಾಗಿರುತ್ತದೆ. ಹಿಂದೆ ಕೂತಾಗ ಏಟಾದರೆ ಪಾಲಿಸಿ ಕೊಡುತ್ತದಾ ಅಂತಲೂ ಹೊರಡುವ ಮೊದಲೇ ಕಂಪನಿಗೆ ಮೇಲ್ ಮಾಡಿ ಕೇಳಿ. ಫೋನಿನಲ್ಲಿ ಹೇಳಿದ್ದು ಸಾಲದು, ಬರಹದಲ್ಲೇ ಉತ್ತರ ತಗೊಳ್ಳಿ.