ನಾಸ್ಕಾರ್ ಟ್ರ್ಯಾಕ್‌ನ ಬಾಡಿಗೆ ಸ್ಕ್ಯಾನರ್: ಯಾರಿಗೆ ಲಾಭ?

ಅಮೆರಿಕದ ನಾಸ್ಕಾರ್ ಕಾರು ರೇಸ್‌ಗಳಲ್ಲಿ ತಂಡಗಳ ರೇಡಿಯೊ ಮಾತು ಕೇಳಿಸುವ ಸ್ಕ್ಯಾನರ್ ಬಾಡಿಗೆಗೆ ಸಿಗುತ್ತದೆ; ಕೊಟ್ಟ ದುಡ್ಡಿಗೆ ಮೋಸವಿಲ್ಲ, ರೇಸಿನ ಹತ್ತು-ಹನ್ನೆರಡು ಪದ ಗೊತ್ತಿದ್ದವರಿಗೆ ಮಾತ್ರ. ಉಳಿದವರಿಗೆ ಬರೀ ಗೊರಗೊರ.

ಕಾರಿನ ನಂಬರ್ ಒತ್ತಿದರೆ ಚಾಲಕ, ತಂಡ ನಡೆಸುವ ಕ್ರ್ಯೂ ಚೀಫ್, ಎತ್ತರದಲ್ಲಿ ನಿಂತು ದಾರಿ ಹೇಳುವ ಸ್ಪಾಟರ್ ಎಲ್ಲರೂ ಕೇಳಿಸುತ್ತಾರೆ. ಎಲ್ಲ ಕಾರುಗಳನ್ನೂ ಸ್ಕ್ಯಾನ್‌ಗೆ ಬಿಟ್ಟಿರೋ, ಕೆಟ್ಟಿರಿ. ಸ್ಪಾಟರ್‌ಗಳು ಬಾಯಿ ಮುಚ್ಚುವುದೇ ಇಲ್ಲ. ಅವರ ‘ಇನ್‌ಸೈಡ್’ (ಒಳಬದಿಯಲ್ಲಿ ಕಾರಿದೆ), ‘ಕ್ಲಿಯರ್’ (ಪಕ್ಕದಲ್ಲಿ ಯಾರೂ ಇಲ್ಲ)ಗಳ ನಡುವೆ ಕ್ರ್ಯೂ ಚೀಫ್‌ನ ಮುಖ್ಯ ಮಾತು ತಪ್ಪಿಹೋಗುತ್ತದೆ. ಮೂರ್ನಾಲ್ಕು ಕಾರು ಇಟ್ಟುಕೊಂಡು ಉಳಿದವು ಕೇಳಿಸದಂತೆ ಲಾಕ್ ಮಾಡಿ. ಅಪಘಾತದಂಥ ಕಾರಣಕ್ಕೆ ಎಲ್ಲರೂ ನಿಧಾನಿಸಬೇಕಾದ ಹಳದಿ ಬಾವುಟ ಬಿದ್ದ ಕೂಡಲೇ ಒಂದರ ಮೇಲೆ ಹೋಲ್ಡ್ ಒತ್ತಿ: ಕಾರಿನ ರೋಗವೂ ಮದ್ದೂ ಹೊರಬೀಳುವುದು ಆಗಲೇ.

‘ಲೂಸ್’ ಎಂದು ಚಾಲಕ ಕೂಗಿದರೆ ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಜಾರುತ್ತಿದೆ. ‘ಟೈಟ್’ ಅಂದರೆ ಸ್ಟೀರಿಂಗ್ ತಿರುಗಿಸಿದರೂ ಮೂತಿ ತಿರುಗದೆ ಕಾರು ಗೋಡೆಯತ್ತ ಸಾಗುತ್ತಿದೆ. ಆಗ ಬರುವ ಉತ್ತರ ‘ಒಂದು ರೌಂಡ್ ವೆಜ್ ತೆಗೀತೀವಿ’. ಕಾರು ಟೈರು-ಇಂಧನಕ್ಕೆ ನಿಲ್ಲುವ ಪಿಟ್‌ನಲ್ಲಿ ಹಿಂಬದಿ ಗಾಜಿನ ತೂತಿಗೆ ರೆಂಚ್ ತೂರಿಸಿ ಒಂದು ಸುತ್ತು ತಿರುಗಿಸುತ್ತಾರೆ. ವೆಜ್ ಏರಿಸಿದರೆ ಎಡ ಹಿಂದಿನ, ಬಲ ಮುಂದಿನ ಚಕ್ರಗಳ ಮೇಲೆ ಭಾರ ಕೂತು, ಎಡಕ್ಕೇ ತಿರುಗುವ ಓವಲ್‌ನಲ್ಲಿ ಕಾರು ಟೈಟಾಗುತ್ತದೆ. ಇಳಿಸಿದರೆ ಲೂಸ್ ಕಡೆಗೆ ವಾಲುತ್ತದೆ. ‘ಟ್ರ್ಯಾಕ್ ಬಾರ್’ (ಹಿಂದಿನ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಸರಳು) ಎಂಬ ಮಾತನ್ನು ನಾಸ್ಕಾರ್‌ನ ಮೇಲ್ದರ್ಜೆಯ ಕಪ್ ರೇಸ್‌ನಲ್ಲಿ ನಿರೀಕ್ಷಿಸಬೇಡಿ. 2022ರ ಹೊಸ ಕಾರಿನ ಹಿಂಬದಿಗೆ ಇಂಡಿಪೆಂಡೆಂಟ್ ಸಸ್ಪೆನ್ಷನ್ (ಎರಡು ಚಕ್ರಗಳೂ ಬೇರೆಬೇರೆಯಾಗಿ ಕುಣಿಯುವ ವ್ಯವಸ್ಥೆ) ಬಂದಾಗಲೇ ಆ ಸರಳು ಕಳಚಿತು. ನಾಸ್ಕಾರ್‌ನ ಪಿಕಪ್ ಟ್ರಕ್ ಸರಣಿಯಲ್ಲಿ ಇನ್ನೂ ಇದೆ.

‘ಮಾರ್ಬಲ್ಸ್’ ಎಂದರೆ ಟೈರಿನಿಂದ ಉದುರಿ ಓಟದ ದಾರಿಯಾಚೆ ಗುಡ್ಡೆಯಾದ ರಬ್ಬರ್ ಚೂರು. ಅದರ ಮೇಲೆ ಹೋದರೆ ಹಿಡಿತ ಹೋಯಿತು. ‘ಸ್ಟಿಕರ್ಸ್’ ಹೊಸ ಟೈರು, ‘ಸ್ಕಫ್ಸ್’ ಕೆಲವು ಸುತ್ತು ಓಡಿದ ಟೈರು. 2003ರಲ್ಲಿ ಬಂದ ನಿಯಮದ ಫಲಾನುಭವಿ ‘ಲಕ್ಕಿ ಡಾಗ್’: ಹಳದಿ ಬಿದ್ದಾಗ ಸುತ್ತು ಕಳೆದುಕೊಂಡವರಲ್ಲಿ ಎಲ್ಲರಿಗಿಂತ ಮುಂದಿರುವವನಿಗೆ ಒಂದು ಸುತ್ತು ಮರಳಿ ಸಿಗುತ್ತದೆ.

ಕೇಳಿದ್ದನ್ನೆಲ್ಲ ನಂಬಬೇಡಿ, ಎದುರಾಳಿಗಳೂ ಕಿವಿಗೊಟ್ಟಿರುತ್ತಾರೆ. ಅದಕ್ಕೇ ಎಷ್ಟೋ ಸಲ ‘ಮುಂದಿನವನು ಮಾಡಿದ್ದರ ಉಲ್ಟಾ ಮಾಡು’ ಎಂಬ ಆದೇಶ: ಅವನು ಪಿಟ್‌ಗೆ ಹೋದರೆ ನೀನು ಹೊರಗೇ ಇರು.

ಸ್ಕ್ಯಾನರ್‌ನ ದೊಡ್ಡ ದೌರ್ಬಲ್ಯ, ಯಾವ ಕಾರಿನ ಮಾತು ಯಾವ ತರಂಗಾಂತರದಲ್ಲಿ ಎಂದು ಹೇಳುವ ಫ್ರೀಕ್ವೆನ್ಸಿ ಪಟ್ಟಿ. ಅದು ಹಳೆಯದಾಗಿದ್ದರೆ ನಿಮ್ಮ ಕಾರಿನ ಜಾಗದಲ್ಲಿ ಮೌನ, ಇಲ್ಲವೇ ಬೇರೆ ಯಾರದೋ ದನಿ. ಆ ವಾರದ ಪಟ್ಟಿ ತುಂಬಿಸಿದ್ದಾರೆಯೇ ಎಂದು ಕೌಂಟರ್‌ನಲ್ಲೇ ಕೇಳಿ. ಇಬ್ಬರು ಹೋಗುವುದಾದರೆ ಎರಡನೇ ಹೆಡ್‌ಸೆಟ್ ಮತ್ತು ಸ್ಪ್ಲಿಟರ್ ತೆಗೆದುಕೊಳ್ಳಿ, ಎರಡನೇ ಸ್ಕ್ಯಾನರ್ ಬೇಕಿಲ್ಲ. ಕಿವಿಯನ್ನು ಪೂರ್ತಿ ಮುಚ್ಚದ ಸಾಮಾನ್ಯ ಇಯರ್‌ಫೋನ್ ಇಲ್ಲಿ ಕೆಲಸಕ್ಕೆ ಬಾರದು.